ಇನ್ನೂ ಇಪ್ಪತ್ತೊಂಬತ್ತು ಪೌಂಡ್ ಬಾಕಿ

೧

ಎಲ್ಲಿಂದ ಶುರು ಮಾಡುವುದು ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಜನವರಿ ತಿಂಗಳು, ಹಿಮ ಬೇಲಿಗೂಟಗಳ ತಲೆ ಮುಚ್ಚಿದೆ, ರೂಲನ್ ಟಫ್ಟ್ ದನಗಳಿಗೆ ಹುಲ್ಲು ಹಾಕುತ್ತಿದ್ದಾನೆ ಎಂದು ಶುರು ಮಾಡಬಹುದು. ಅದು ನಿಜವೂ ಹೌದು. ಸಾಲ್ಟ್ ನದಿಯ ಈ ದಂಡೆಯಲ್ಲಿ ಜನವರಿಯ ಬೆಳಗಿಗೆ ಬೇರೆ ಕೆಲಸವಿಲ್ಲ. ನಾನು ಟ್ರ್ಯಾಕ್ಟರ್ ನಡೆಸುತ್ತೇನೆ, ಅವನು ಹಿಂದಿನ ಗಾಡಿಯ ಮೇಲೆ ನಿಂತು ಪೆಂಡಿಯ ದಾರ ಕತ್ತರಿಸಿ ಹುಲ್ಲನ್ನು ಪದರ ಪದರವಾಗಿ ಒದ್ದು ಕೆಳಗೆ ಬೀಳಿಸುತ್ತಾನೆ. (ನಾನು ಪಕ್ಕದ ಮನೆಯವನು. ಕಥೆಯಲ್ಲಿ ನನ್ನ ಪಾಲು ಇಷ್ಟೇ ಎಂದುಕೊಂಡಿದ್ದೆ.)

ಆ ದಿನ ಅವನು ಪೆಂಡಿ ಪೆಂಡಿಗೂ ಒಮ್ಮೆ ಕೂತು ಸುಧಾರಿಸಿಕೊಂಡ. ಅಂಥ ಚಳಿಯಲ್ಲೂ ಕೈಗವಸು ಬಿಚ್ಚಿಟ್ಟು ಹಣೆಯ ಬೆವರು ಒರೆಸಿಕೊಂಡ. ಮೊದಲ ಕರಡಿನಲ್ಲಿ ಈ ಎರಡು ವಾಕ್ಯ ಇರಲಿಲ್ಲ. ನಾನು ಮುಂದೆ ನೋಡಿಕೊಂಡು ಟ್ರ್ಯಾಕ್ಟರ್ ನಡೆಸುತ್ತಿದ್ದೆ.

೨

ಅಥವಾ ಹೊಸ ಸ್ಲೆಡ್‌ನಿಂದ ಶುರು ಮಾಡಬಹುದು. ಹಿಮದ ಬೆಟ್ಟ ಹತ್ತಲೆಂದೇ ಮಾಡಿದ ಸ್ನೋಮೊಬೈಲ್ ಅದು: ಕೆಳಗೆ ತಿರುಗುವ ಉದ್ದನೆಯ ರಬ್ಬರ್ ಪಟ್ಟಿ, ಮುಂದೆ ಎರಡು ಸ್ಕೀ. ಹಳೆಯದರಲ್ಲೇ ಹದಿನೆಂಟು ಚಳಿಗಾಲ ಕಳೆದ ರೂಲನ್, ಯಾರಿಗೂ ಹೇಳದೆ ಹೋಗಿ ಇದನ್ನು ತಂದ. ಅರವತ್ಮೂರು ವರ್ಷದ ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಖರ್ಚು ಮಾಡಿದರೆ ಕೇಳುವವರಿಲ್ಲ ಎಂದುಕೊಂಡೆವು.

ಕಣಿವೆಯ ಹೊಸ ಸ್ಲೆಡ್‌ಗಳೆಲ್ಲ ಮೊದಲು ವರ್ಲೀನ್‌ಳ ರಿಪೇರಿ ಶೆಡ್ಡಿಗೆ ಹೋಗಬೇಕು. ಅವಳು ರೂಲನ್ ಜೊತೆ ಶಾಲೆಗೆ ಹೋದವಳು. ಗಂಡ ಬಿಟ್ಟು ಹೋದ ಪಾನಾಪೆಟ್ಟಿಗೆಯಿಂದ ಬದುಕು ಕಟ್ಟಿಕೊಂಡವಳು. ಅವಳದೊಂದು ನಿಯಮವಿದೆ. ಸವಾರ ಹೆಲ್ಮೆಟ್, ಬೂಟು, ಹಿಮ ತೋಡುವ ಸಲಿಕೆ ಇರುವ ಚೀಲ ಸಮೇತ ಕರು ತೂಗುವ ತಕ್ಕಡಿ ಹತ್ತಬೇಕು. ಆ ತೂಕಕ್ಕೆ ತಕ್ಕಂತೆ ಸ್ಪ್ರಿಂಗ್ ಬಿಗಿ ಮಾಡುತ್ತಾಳೆ.

"ಹತ್ತು."

"ನಾನೇನು ಕರುನಾ? ಎಲ್ಲಾ ಸೇರಿ ಇನ್ನೂರ ನಲವತ್ತು ಪೌಂಡ್. ಬರ್ಕೋ. ಮೂವತ್ತು ವರ್ಷದಿಂದ ಅಷ್ಟೇ."

"ಈ ಕಣಿವೆ ಗಂಡಸರು ಹೇಳೋ ತೂಕಾನೂ ಅಷ್ಟೇ, ಹಿಡಿದ ಮೀನಿನ ಉದ್ದಾನೂ ಅಷ್ಟೇ."

ಹಾಗೆಂದರೂ ಬರೆದುಕೊಂಡಳು. (ಇದನ್ನು ಬಿಡಬೇಡ ಎಂದು ಅವಳೇ ಹೇಳಿದ್ದಾಳೆ: "ಹಿಂದೆ ನಾಲ್ಕು ಸ್ಲೆಡ್ ಕಾಯ್ತಿದ್ವು, ಅದಕ್ಕೆ ತೂಗದೆ ಬಿಟ್ಟೆ. ತಪ್ಪು ನಂದು. ಹಾಗೇ ಬರಿ.")

೨, ಇನ್ನೊಮ್ಮೆ

ಎರಡು ವಾರದಲ್ಲಿ ರೂಲನ್ ಸ್ಲೆಡ್ಡನ್ನು ಟ್ರೇಲರ್‌ನಲ್ಲಿ ಹೇರಿಕೊಂಡು ವಾಪಸು ಬಂದ.

"ಏರು ಹತ್ತುವಾಗ ಮೂತಿ ಹಿಮಕ್ಕೆ ಚುಚ್ಕೊಳ್ತದೆ. ಹಿಂದಿಂದ ಕಡಸಿನ ಹಾಗೆ ಒದೀತದೆ. ಇಳಿಜಾರಿನಲ್ಲಿ ಒಂದು ಮಗ್ಗುಲಿಗೆ ವಾಲ್ಸೋಣ ಅಂದ್ರೆ ಜಪ್ಪಯ್ಯ ಅನ್ನಲ್ಲ. ದಂಡದ ಮಿಶೀನು."

ಇಲ್ಲಿ ನಾನು ಕಾರ್ಖಾನೆಯನ್ನು ಬೈದು ಅರ್ಧ ಪುಟ ಬರೆದಿದ್ದೆ. ವರ್ಲೀನ್ ಓದಿ, ಗ್ರೀಸ್ ಬೆರಳಲ್ಲೇ ಅಡ್ಡಗೆರೆ ಎಳೆದಳು. "ಮಿಶೀನ್ ಮೇಲೆ ಗೂಬೆ ಕೂರಿಸ್ಬೇಡ."

೪

(ಮೂರನ್ನು ಒಲೆಗೆ ಹಾಕಿದೆ. ಅದರಲ್ಲಿ ಹಿಮ ಕುಸಿಯುತ್ತಿತ್ತು. ಕಥೆಗಾರನಿಗೆ ಏನೂ ತೋಚದಾಗ ಬೆಟ್ಟ ಕುಸಿಯುತ್ತದೆ.)

ನಿಜಕ್ಕೂ ನಡೆದದ್ದರಲ್ಲಿ ಸದ್ದೇ ಇಲ್ಲ. ವರ್ಲೀನ್ ಸ್ಲೆಡ್ಡಿನ ಹಿಂಭಾಗವನ್ನು ಎತ್ತಿ ಹಿಡಿದಳು. ನಾನು ಟೇಪು ಹಿಡಿದು ನೆಲದಿಂದ ಬಂಪರಿನ ಎತ್ತರ ಅಳೆದೆ. ಆಮೇಲೆ ರೂಲನ್ ಚೀಲ ಸಮೇತ ಹತ್ತಿ ನಿಂತ. ಮತ್ತೆ ಅಳೆದೆ. ಸವಾರ ನಿಂತರೆ ಮೂರು ಇಂಚು ಇಳಿಯಬೇಕು; ಕಮ್ಮಿ ಇಳಿದರೆ ಅವನ ತೂಕಕ್ಕೆ ಸ್ಪ್ರಿಂಗ್ ಹೆಚ್ಚು ಬಿಗಿ ಎಂದರ್ಥ.

"ಎಷ್ಟು?"

"ಎರಡಕ್ಕೂ ಸ್ವಲ್ಪ ಕಮ್ಮಿ."

"ಸರಿಯಾಗಿ ನೋಡು."

ಮತ್ತೆ ನೋಡಿದೆ. ಅಷ್ಟೇ. ವರ್ಲೀನ್ ಸ್ಪ್ರಿಂಗ್ ನೋಡಲಿಲ್ಲ, ರೂಲನ್‌ನ ಕತ್ತು ನೋಡಿದಳು. ಕಾಲರಿಗೂ ಕತ್ತಿಗೂ ನಡುವೆ ನನ್ನ ಮುಷ್ಟಿ ತೂರುವಷ್ಟು ಜಾಗವಿತ್ತು.

"ಕೋಟು ಬಿಚ್ಚು ರೂಲನ್."

"ಚಳಿ ಕಣೇ."

"ಬೆವರ್ತಾ ಇದೀಯ. ಬಿಚ್ಚು."

ಕೋಟಿನ ಒಳಗೆ ಎರಡು ಸ್ವೆಟರ್ ಇದ್ದವು. ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತುಗಳು ನಾಲ್ಕು. ಅವನಿಗೆ ಮತ್ತೆ ಎಲ್ಲ ತೊಡಿಸಿ ತಕ್ಕಡಿ ಹತ್ತಿಸಿದಳು. ಮುಳ್ಳು ನೂರ ತೊಂಬತ್ತಾರಕ್ಕೆ ನಿಂತಿತು.

"ಯಾವಾಗಿಂದ?"

"ಹುಲ್ಲು ಕೊಯ್ಲಿನಿಂದ."

"ಡಾಕ್ಟರು?"

ಅವನು ಹೆಲ್ಮೆಟ್ ತೆಗೆದು ಅದರೊಳಗೆ ನೋಡಿದ. "ಅಪ್ಪನೂ ಹಿಂಗೇ ಕರಗಿ ಹೋದ. ಗೊತ್ತಾದ ಮೇಲೆ ಏಳು ವಾರ. ನಂಗೆ ಗೊತ್ತಾಗೋದು ಬೇಡ. ಒಂದು ಚಳಿಗಾಲ ಒಳ್ಳೇ ಸ್ಲೆಡ್ ಓಡಿಸ್ಬೇಕು ಅನ್ನಿಸ್ತು, ಅಷ್ಟೇ."

೫

ಓದುಗರೇ, ನಿಜ ಹೇಳಿಬಿಡುತ್ತೇನೆ. ಆ ಸಂಜೆಯೇ ನನ್ನ ಬಳಿ ಒಂದು ಮುಕ್ತಾಯ ಸಿದ್ಧವಿತ್ತು.

ಅ) ಏಪ್ರಿಲ್. ಹಿಮ ಕರಗುತ್ತಿದೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಸಾವಿನ ಮನೆಗೆಂದು ಮಾಡುವ ಆಲೂಗಡ್ಡೆ-ಚೀಸಿನ ತಟ್ಟೆಗಳ ಸಾಲು. ಶೆಡ್ಡಿನಲ್ಲಿ ಒಂದು ಸ್ಲೆಡ್, ಯಾರೂ ಹತ್ತದ್ದು.

ಚೆನ್ನಾಗಿ ಬಂದಿತ್ತು. ರೂಲನ್ ಪೂರ್ತಿ ಓದಿದ.

"ಉಸಿರು ಇರೋವಾಗ್ಲೇ ಆಲೂಗಡ್ಡೆ ಬಡಿಸ್ಬಿಟ್ಯಲ್ಲೋ ಮಾರಾಯ."

"ಕಥೆಗೆ ಬೇಕು ಅನ್ನಿಸ್ತು."

"ಕಥೆಗೆ ಬೇಕಾದ್ರೆ ನೀನೇ ಸಾಯಿ."

ಆ) ಅವನು ಡಾಕ್ಟರ ಬಳಿ ಹೋಗುವುದೇ ಇಲ್ಲ, ಬಿಳಿ ಇಳಿಜಾರಿನಲ್ಲಿ ಚುಕ್ಕಿಯಾಗಿ ಮರೆಯಾಗುತ್ತಾನೆ. ಇದಕ್ಕೆ ವರ್ಲೀನ್ ಅಂದದ್ದು: "ಪೆಟ್ರೋಲ್ ಖಾಲಿ ಆದ್ಮೇಲೆ ಚುಕ್ಕಿ ವಾಪಸ್ ಹೆಂಗೆ ಬರ್ತದೆ? ಹುಡುಕೋಕೆ ಹೋಗೋರು ನಾವು."

ಕೊನೆಗೆ ಕಥೆಯನ್ನು ಅವಳೇ ನಡೆಸಿದಳು. ಹಿಂದಿನ ಸ್ಪ್ರಿಂಗ್ ಸಡಿಲಿಸಿದಳು. ಏರಿನಲ್ಲಿ ಮೂತಿ ಮೇಲೇಳಲೆಂದು ಮುಂಭಾಗವನ್ನು ಬಿಗಿದಿಡುವ ಬೆಲ್ಟನ್ನು ಒಂದು ತೂತು ಸಡಿಲ ಬಿಟ್ಟಳು. ವಾಲಿಸಲು ಸುಲಭವಾಗಲೆಂದು ಸ್ಕೀಗಳನ್ನು ಹತ್ತಿರಕ್ಕೆ ತಂದಳು. ನೂರ ತೊಂಬತ್ತಾರಕ್ಕೆ ಸರಿಯಾಗಿ ಮೂರು ಇಂಚು. ಆಮೇಲೆ ಕೀ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡಳು.

"ಪರೀಕ್ಷೆಗೆ ರಕ್ತ ಕೊಟ್ಟು ಬಾ. ಆಮೇಲೆ ಕೀ ತಗೋ."

"ಇದು ಕಳ್ಳತನ ಕಣೇ."

"ಹೌದು. ಚರ್ಚಿನ ಬಿಷಪ್‌ಗೆ ದೂರು ಹೇಳು ಹೋಗು."

೬

ರೂಲನ್ ರಕ್ತ ಕೊಟ್ಟು ಬಂದ. ಉತ್ತರ ಬರುವುದಕ್ಕೆ ಒಂಬತ್ತು ದಿನ. ಈ ದಿನಗಳ ಬಗ್ಗೆ ಬರೆಯಲಾರೆ. ಹುಲ್ಲು ಹಾಕಿದೆವು. ಇಬ್ಬರೂ ಹವಾಮಾನದ ಮಾತಾಡಿದೆವು.

ಹತ್ತನೆಯ ಮಧ್ಯಾಹ್ನ ಶೆಡ್ಡಿಗೆ ಬಂದ ರೂಲನ್ ಬಾಗಿಲಲ್ಲೇ ನಿಂತ. ವರ್ಲೀನ್ ಬಿಸಿ ಚಾಕೊಲೇಟಿನ ಲೋಟ ಹಿಡಿದಿದ್ದಳು.

"ಥೈರಾಯ್ಡ್ ಅಂತೆ," ಎಂದ.

"ಅಂದ್ರೆ?"

"ಕತ್ತಿನ ಗ್ರಂಥಿ ವಿಪರೀತ ಓಡ್ತಿದೆಯಂತೆ. ಅದಕ್ಕೇ ಬೆವರು, ಅದಕ್ಕೇ ಎದೆ ಡವಡವ. ಮಾತ್ರೆ ಕೊಟ್ಟಿದಾರೆ. ತೂಕ ನಿಧಾನಕ್ಕೆ ಬರ್ತದಂತೆ. ಎದೆಬಡಿತ ಇಳಿಯೋವರೆಗೆ ಬೆಟ್ಟ ಬೇಡ ಅಂದ್ರು, ಮೂರು ವಾರ."

"ನಿಮ್ಮಪ್ಪನ ಥರ..."

"ಅಲ್ಲ. ಎರಡು ಸಲ ಕೇಳ್ದೆ. ಅಲ್ಲವಂತೆ."

ವರ್ಲೀನ್ ಆಗಲೇ ಆರಿಹೋಗಿದ್ದ ಚಾಕೊಲೇಟನ್ನು ಊದತೊಡಗಿದಳು. ಬಹಳ ಹೊತ್ತು ಊದಿದಳು. ನಾನು ಟೇಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತಿದ್ದೆ. ರೂಲನ್ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಎರಡು ಸ್ವೆಟರನ್ನೂ ಬಿಚ್ಚಿದ. ತೆಳ್ಳಗಿನ ಅಂಗಿಯಲ್ಲಿ ನಿಂತು, "ತಿನ್ನೋಕೆ ಏನಾದ್ರೂ ಇದೆಯಾ?" ಎಂದ.

ಅವಳ ಊಟದ ಡಬ್ಬಿಯನ್ನು ಪೂರ್ತಿ ತಿಂದ. ಆಮೇಲೆ ನನ್ನದನ್ನೂ.

೭

ಇಲ್ಲಿ ನಿಲ್ಲಿಸಬಹುದಿತ್ತು. ಮಾರ್ಚ್ ಮೊದಲ ವಾರ ಅವನು ಆ ಸ್ಲೆಡ್ಡಿನಲ್ಲಿ ಮೇಲಿನ ಇಳಿಜಾರು ಅಡ್ಡ ಹಾಯ್ದದ್ದನ್ನು ನಾನು ಕೆಳಗಿನಿಂದ ಕಂಡೆ. ಒಂದು ಕಾಲಿನ ಭಾರಕ್ಕೇ ಅದು ಮಗ್ಗುಲಾಗಿ, ಹಿಮದಲ್ಲಿ ಒಂದೇ ಗೆರೆ ಎಳೆದುಕೊಂಡು ಹೋಯಿತು. ಮುಕ್ತಾಯಕ್ಕೆ ಹೇಳಿ ಮಾಡಿಸಿದ ಗೆರೆ.

ಆದರೆ ಅವನು ದಪ್ಪವಾಗುತ್ತಿದ್ದಾನೆ. ತೂಕ ಬಂದ ಹಾಗೆಲ್ಲ ಸ್ಪ್ರಿಂಗ್ ತಪ್ಪುತ್ತದೆ. ಆದ್ದರಿಂದ ಎರಡು ವಾರಕ್ಕೊಂದು ಶನಿವಾರ ಶೆಡ್ಡಿಗೆ ಬರಬೇಕು, ಎಲ್ಲ ಹೊತ್ತು ತಕ್ಕಡಿ ಹತ್ತಬೇಕು. ಕೆಲಸದ ಕೂಲಿ ಎಷ್ಟು ಎಂದು ರೂಲನ್ ಕೇಳಿದ್ದಕ್ಕೆ ವರ್ಲೀನ್ ಅಂದದ್ದು: "ಇನ್ನೂರ ನಲವತ್ತು ಅಂತ ಬರೆಸಿದೀಯಲ್ಲ, ಅದನ್ನ ತಂದುಕೊಡು. ಸಾಕು."

ಮೊನ್ನೆ ಮುಳ್ಳು ಇನ್ನೂರ ಹನ್ನೊಂದಕ್ಕೆ ನಿಂತಿತು.

"ಇಪ್ಪತ್ತೊಂಬತ್ತು ಬಾಕಿ," ಎಂದಳು.

"ಕೊಡ್ತೀನಿ ಬಿಡೇ. ಎಲ್ಲಿಗೆ ಓಡಿ ಹೋಗ್ತೀನಿ?"

ಅವಳು ಸ್ಪ್ರಿಂಗಿನ ಬಳೆಯನ್ನು ಅರ್ಧ ಸುತ್ತು ಬಿಗಿ ಮಾಡಿದಳು. ನಾನು ಮುಕ್ತಾಯ ಎಂದು ಬರೆಯಲು ಪೆನ್ನು ತೆಗೆದೆ.

"ಅದನ್ನ ಆಮೇಲೆ ಬರಿ," ಎಂದ ರೂಲನ್, ಸ್ಲೆಡ್ ಹತ್ತಿ ನಿಲ್ಲುತ್ತ. "ಮೊದ್ಲು ಟೇಪು ಹಿಡಿ."