ಬೀಗರ ಊಟಕ್ಕೆ ನೂರು ಕಿಲೋಮೀಟರು

ಚಿನಕುರಳಿಯ ಪುಟ್ಟಸ್ವಾಮಿಗೆ ಮಗಳು ಸುನಿತಾಳ ಮದುವೆಗಿಂತ ಅದರ ಹಿಂದೆ ಬರಲಿದ್ದ ಬೀಗರ ಊಟದ ಮೇಲೆಯೇ ಹೆಚ್ಚು ಪ್ರೀತಿ ಎಂದರೆ ಯಾರೂ ತಪ್ಪು ತಿಳಿಯಬಾರದು. ಮದುವೆ ಊಟದ ಎಲೆಯಲ್ಲಿ ಏನಿರುತ್ತದೆ? ಪಲ್ಯ, ಪಾಯಸ, ಹಪ್ಪಳ. ಬೀಗರ ಊಟದ ಗತ್ತೇ ಬೇರೆ. ಗಂಡಿನ ಕಡೆಯವರು ಕುರಿ ಕಡಿದು, ಹೆಣ್ಣಿನ ಅಪ್ಪನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಅವನು ಸಾಕಪ್ಪಾ ಎಂದು ಎಲೆಗೆ ಎರಡೂ ಕೈ ಅಡ್ಡ ಹಿಡಿಯುವವರೆಗೂ ಬಡಿಸಬೇಕು. ಅವನು ಸರಿಯಾಗಿ ಉಣ್ಣದಿದ್ದರೆ ಬೀಗರಿಗೆ ಅವಮಾನ, ಅವನಿಗೆ ಜನ್ಮವಿಡೀ ಕೆಟ್ಟ ಹೆಸರು. ಇಂಥ ಕಟ್ಟುಪಾಡು ಮಾಡಿದ ಹಿರಿಯರ ಬಗ್ಗೆ ಪುಟ್ಟಸ್ವಾಮಿಗೆ ಅಪಾರ ಗೌರವವಿತ್ತು.

ಆದರೆ ಮದುವೆಯ ಓಡಾಟದಲ್ಲೇ ಒಂದು ದಿನ ತಲೆ ಸುತ್ತಿ ಕೂತ. ಪಾಂಡವಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ, ಕೊಬ್ಬೂ ಜಾಸ್ತಿ, ಮೈ ಬಗ್ಗಿಸಿ ಓಡಾಡಬೇಕು ಎಂದರು. ಡಾಕ್ಟರು ಹೇಳಿದ್ದು ಬುದ್ಧಿಮಾತು. ಅದನ್ನು ಮನೆಯ ಕಾನೂನು ಮಾಡಿದವಳು ಹೆಂಡತಿ ಪುಟ್ಟಗೌರಮ್ಮ. ಭತ್ತದ ಕುಯ್ಲು ಮುಗಿಯಲಿ ಎಂದು ಸಿಂಧಘಟ್ಟದ ಬೀಗರು ಊಟವನ್ನು ಒಂದು ತಿಂಗಳು ಮುಂದಕ್ಕೆ ಹಾಕಿದ್ದು ಅವಳಿಗೆ ಅನುಕೂಲವೇ ಆಯಿತು.

"ಅಷ್ಟ್ರೊಳ್ಗೆ ನೂರು ಕಿಲೋಮೀಟ್ರು ಓಡುದ್ರೆ ಬಾಡು. ಇಲ್ದಿದ್ರೆ ನಿಮ್ ಎಲೆಗೆ ಮೊಸ್ರನ್ನ. ಬೀಗಿತಿ ತಾವ ನಾನೇ ಹೇಳ್ತೀನಿ ಕಣೇಳಿ" ಎಂದಳು.

ಪುಟ್ಟಸ್ವಾಮಿ ಒಳಗೊಳಗೇ ನಕ್ಕ. ತಾನು ಓಡಿದ್ದೋ ಬಿಟ್ಟದ್ದೋ ಇವಳಿಗೆ ಹೇಗೆ ತಿಳಿಯಬೇಕು? ಬೆಳಗ್ಗೆ ಎದ್ದು ಪಂಪ್‌ಹೌಸಿಗೆ ಹೋಗಿ ಇನ್ನೊಂದು ನಿದ್ದೆ ತೆಗೆದು ಬಂದರಾಯಿತು ಎಂದುಕೊಂಡ. ಆ ನಗುವಿಗೆ ಕಲ್ಲು ಹಾಕಿದವನು ಹೆಂಡತಿಯ ತಮ್ಮ ಕುಮಾರ. ಕುಮಾರ ಊರಾಚೆಯ ಕಲ್ಲು ಕ್ರಷರಿನಲ್ಲಿ ಮೆಕ್ಯಾನಿಕ್ಕು. ಅಲ್ಲಿ ಮೆಷಿನ್ನು ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರು ಹೊರಡುವಾಗ ತನ್ನ ಕೈಗಡಿಯಾರವನ್ನೇ ಬಿಚ್ಚಿ ಇವನಿಗೆ ಕೊಟ್ಟುಹೋಗಿದ್ದ. ಗಡಿಯಾರವೋ, ಅಡಕೆಲೆ ಡಬ್ಬಿಯಷ್ಟು ದಪ್ಪ. ಅದನ್ನು ತಂದು ಭಾವನ ಮುಂಗೈಗೆ ಬಿಗಿದ.

"ಇದು ಬರೀ ಟೈಮ್ ತೋರ್ಸೋ ವಾಚಲ್ಲ ಭಾವ. ಆಕಾಸ್ದಲ್ಲಿರೋ ಸ್ಯಾಟಲೈಟ್ ಇಡ್ಕಂಡು, ನೀವು ಎಷ್ಟು ಓಡುದ್ರಿ, ಯಾವ ದಾರೀಲಿ ಓಡುದ್ರಿ ಎಲ್ಲಾನೂವೆ ಮಡಿಕ್ಕಂಡಿರ್ತದೆ."

"ಇಲ್ಲೀಗಂಟ ನಿಮ್ಮಕ್ಕ ಒಬ್ಳೇ ಕಾಯ್ತಿದ್ಲು. ಈಗ ಮ್ಯಾಲಿಂದ್ಲೂ ಕಾಯ್ತಾರೇನ್ಲಾ?" ಎಂದು ಪುಟ್ಟಸ್ವಾಮಿ ಗೋಳಾಡಿದ.

ಅದು ೧೯೯೯ರ ನವೆಂಬರು. ಅಂಥ ಗಡಿಯಾರವನ್ನು ಚಿನಕುರಳಿ ಇರಲಿ, ಜಿಲ್ಲೆಯೇ ಕಂಡಿರಲಿಕ್ಕಿಲ್ಲ. ಅದಕ್ಕೋ ಮಹಾರಾಜನ ಬಿಂಕ. ಬಟನ್ ಒತ್ತಿ, ಬಯಲಲ್ಲಿ ನಿಂತು, ಕೈ ಮೇಲೆತ್ತಿ ಕಾಯಬೇಕು. ಸ್ಯಾಟಲೈಟು ಸಿಕ್ಕಿದ ಮೇಲೆಯೇ ಓಡಬೇಕು. ಡೈರಿಗೆ ಹಾಲು ಹಾಕಲು ಹೊರಟವರೆಲ್ಲ ಕ್ಯಾನು ಇಳಿಸಿ ನೋಡಿದರು.

"ಎಲೆಕ್ಸನ್ ಮುಗ್ದು ಎಷ್ಟ್ ದಿನಾಯ್ತು ಪುಟ್ಸಾಮಣ್ಣ, ಇನ್ನೂ ಕೈ ಎತ್ಕಂಡೇ ನಿಂತಿದ್ದೀಯಲ್ಲಾ!"

ಅಷ್ಟು ಪೂಜೆ ಮಾಡಿಸಿಕೊಂಡು ಒಲಿದ ಸ್ಯಾಟಲೈಟು ರಸ್ತೆಯ ಹುಣಸೆಮರಗಳ ನೆರಳಿಗೆ ಬಂದ ಕೂಡಲೇ ಕೈಕೊಡುತ್ತಿತ್ತು. ಗಡಿಯಾರ ಕೀ ಕೀ ಎಂದು ಅತ್ತು, ಲೆಕ್ಕ ನಿಲ್ಲಿಸಿ ಕೂರುತ್ತಿತ್ತು. ಅವನು ಏದುಸಿರು ಬಿಡುತ್ತ ಓಡಿದ್ದೆಲ್ಲ ನೀರಿನಲ್ಲಿ ಹೋಮ. ಆದರೂ ನಿಜ ಹೇಳಬೇಕು. ಮೊದಲ ಸಲ ಅದರ ಗಾಜಿನ ಮೇಲೆ ಎರಡು ಎಂಬ ಅಂಕಿ ಮೂಡಿದಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಡೈರಿಯ ಮುಂದೆ ನಿಂತು ಒಬ್ಬೊಬ್ಬರಿಗೂ ಮುಂಗೈ ತೋರಿಸಿದ. ಕೊನೆಗೆ ಅಲ್ಲಿ ಕಟ್ಟಿದ್ದ ಎಮ್ಮೆಗಳಿಗೆ ತೋರಿಸುವುದೊಂದೇ ಬಾಕಿಯಿತ್ತು.

ಒಂದು ವಾರಕ್ಕೆ ಸಂತೋಷ ಇಳಿಯಿತು, ಮಂಡಿ ನೋವು ಏರಿತು. ಹೊತ್ತಿಗೆ ಸರಿಯಾಗಿ ಅವನ ಕಬ್ಬಿನ ಕಟಾವಿಗೆ ಆರ್ಡರು ಬಂತು. ಆಳು ಮರಿಯಯ್ಯ ದಿನಾ ಮುಂಜಾನೆ ಎತ್ತಿನ ಗಾಡಿ ಕಟ್ಟಿ ಪಾಂಡವಪುರದ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊಡೆಯತೊಡಗಿದ. ಗಾಡಿಯ ಹಿಂದೆಯೇ ನೋಡುತ್ತ ನಿಂತ ಪುಟ್ಟಸ್ವಾಮಿಗೆ, ನಡೆಯುವ ಕಾಲುಗಳು ಮನೆಯಲ್ಲೇ ಇರುವಾಗ ತಾನೇಕೆ ಒದ್ದಾಡಬೇಕು ಎಂಬ ಜ್ಞಾನೋದಯವಾಯಿತು. ಮರುದಿನದಿಂದ ಗಡಿಯಾರ ರಾಮ ಎಂಬ ಬಿಳಿ ಎತ್ತಿನ ಕೊರಳಿಗೆ, ಗೆಜ್ಜೆಯ ಪಕ್ಕಕ್ಕೆ ಹೋಯಿತು. ಯಾರಾದರೂ ಕೇಳಿದರೆ ದೃಷ್ಟಿ ತಾಯಿತ ಎನ್ನಬೇಕೆಂದು ಮರಿಯಯ್ಯನಿಗೆ ತಾಕೀತಾಯಿತು. ಪುಟ್ಟಸ್ವಾಮಿ ಪಂಪ್‌ಹೌಸಿನಲ್ಲಿ ಕಂಬಳಿ ಹೊದ್ದು ಮಲಗಿದ. ಸಂಜೆ ರಾಮನ ಕೊರಳಿಂದ ಬಿಚ್ಚಿ, ಮುಂಗೈಗೆ ಕಟ್ಟಿ, ಕಾಲುವೆ ನೀರನ್ನು ಮುಖಕ್ಕೆ ಎರಚಿಕೊಂಡು ಮನೆಗೆ ಬಂದ. ಹಗಲೆಲ್ಲ ಎಲ್ಲಿ ವಾಚು ಎಂದರೆ, ಗದ್ದೆಯ ಕೆಸರು ತಾಗಬಾರದೆಂದು ಬಿಚ್ಚಿಟ್ಟಿದ್ದೆ ಎಂಬ ಉತ್ತರ ರೆಡಿ ಇತ್ತು. ಹೀಗೆ ನೂರು ಕಿಲೋಮೀಟರು ಹತ್ತಿರವಾಯಿತು, ಬಾಡಿನ ಸಾರಿನ ನಲ್ಲಿಮೂಳೆಯ ವಾಸನೆ ಅವನ ಕನಸಿಗೇ ಬರತೊಡಗಿತು.

ಊಟಕ್ಕೆ ಇನ್ನೂ ಒಂದು ವಾರವಿತ್ತು. ಕುಮಾರ ಬಂದು ಜಗಲಿಯ ಮೇಲೆ ಕೂತು ಗಡಿಯಾರದ ಗುಂಡಿಗಳನ್ನು ಒತ್ತಿದ. ಗಾಜಿನ ಮೇಲೆ ಸಣ್ಣ ಗೆರೆಯೊಂದು ಮೂಡಿತು.

"ಬಲೇ ಭಾವ, ತೊಂಬತ್ತು ದಾಟವ್ರೆ ಕಣಕ್ಕ! ಆದ್ರೆ... ದಿನಾ ಒಂದೇ ದಾರಿ. ಇದು ಸಕ್ಕರೆ ಫ್ಯಾಕ್ಟ್ರಿ ದಾರಿ. ಅಲ್ಲೋಗಿ ಮಧ್ಯಾನ್ದ ಗಂಟ ನಿಂತವ್ರೆ."

ಕಬ್ಬಿನ ಗಾಡಿಗಳು ಅಲ್ಲಿ ಸಾಲಿನಲ್ಲಿ ಕಾಯುತ್ತವೆಂಬುದನ್ನು ಪುಟ್ಟಸ್ವಾಮಿ ಮರೆತೇಬಿಟ್ಟಿದ್ದ. ಪುಟ್ಟಗೌರಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಸಕ್ಕರೆ ಕಾಯ್ಲೆ ಮನ್ಸ ಸಕ್ಕರೆ ಫ್ಯಾಕ್ಟ್ರೀಲಿ ನಿಂತು ಏನ್ಮಾಡ್ತಿದ್ರಿ?"

ಎತ್ತಿನ ವಿಷಯ ಬಾಯಿಬಿಟ್ಟರೆ ಕುಮಾರ ಸುಮ್ಮನಿರುವ ಆಸಾಮಿಯಲ್ಲ. ಸಂಜೆಯೊಳಗೆ ಕ್ರಷರಿಗೆ, ಬೆಳಗಾಗುವಷ್ಟರಲ್ಲಿ ಸಿಂಧಘಟ್ಟಕ್ಕೆ ಸುದ್ದಿ ಮುಟ್ಟುತ್ತದೆ.

"ವಾಸ್ನೆ ಕಣೇ. ಬರೀ ವಾಸ್ನೆ ಕುಡೀತಿದ್ದೆ."

"ಅಷ್ಟೊತ್ತೂ?"

"ಒಳ್ಳೇ ವಾಸ್ನೆ ಬತ್ತದೆ ಕಣೇ ಅಲ್ಲಿ."

ಪುಟ್ಟಗೌರಮ್ಮ ಗಡಿಯಾರವನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಸೆರಗಿನಿಂದ ಒರೆಸಿ ಗಂಡನ ಮಡಿಲಿಗೆ ಹಾಕಿದಳು. ಓಡಿದ್ದೆಲ್ಲ ವಜಾ ಎಂದು ತೀರ್ಪು ಬಂತು. ಊಟದ ದಿನ ದಾರಿಯಲ್ಲಿ ಟೆಂಪೋ ನಿಲ್ಲಿಸಿ ಅವನನ್ನು ಇಳಿಸುವುದು, ಅಲ್ಲಿಂದ ಸಿಂಧಘಟ್ಟದ ತನಕ ಅವನು ಓಡಿಯೇ ಬರುವುದು. ಗಡಿಯಾರ ಆರು ಕಿಲೋಮೀಟರು ಎಂದರೆ ಬಾಡು, ಇಲ್ಲವಾದರೆ ಮೊಸರನ್ನ. ಅಲ್ಲಿ ಫ್ಯಾಕ್ಟರಿ ಇರಲಿಲ್ಲ, ರಾಮನೂ ಇರಲಿಲ್ಲ. ಆ ಒಂದು ವಾರ ಪುಟ್ಟಸ್ವಾಮಿ ಹುಣಸೆಮರಗಳನ್ನು ಬಯ್ಯುತ್ತ, ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ನಿಜವಾಗಿಯೂ ಓಡಿದ.

ಊಟದ ದಿನ ಬಂತು. ಟೆಂಪೋ ಅವನನ್ನು ಇಳಿಸಿ, ಒಳಗಿದ್ದ ಹೆಂಗಸರ ನಗುವನ್ನೂ ಹೊತ್ತುಕೊಂಡು ಹೊರಟುಹೋಯಿತು. ಪುಟ್ಟಸ್ವಾಮಿ ಇಸ್ತ್ರಿ ಪಂಚೆಯನ್ನು ಎತ್ತಿ ಕಟ್ಟಿದ, ಕೈ ಮೇಲೆತ್ತಿದ, ಸ್ಯಾಟಲೈಟು ಸಿಕ್ಕಿತು, ಓಡಿದ. ಅರ್ಧ ದಾರಿಯಲ್ಲಿ ಗಡಿಯಾರ ಒಮ್ಮೆ ಕೀ ಎಂದು ತಣ್ಣಗಾಯಿತು. ಗಾಜಿನ ಮೇಲೆ ಒಂದು ಅಂಕಿಯೂ ಇಲ್ಲ. ಸೆಲ್ಲು ಸತ್ತಿತ್ತು. ನಿಂತು ಅದನ್ನು ಕುಕ್ಕಿದ, ಉಜ್ಜಿದ, ಬಾಯಿಗೆ ಬಂದಂತೆ ಬಯ್ದ. ಎತ್ತು ನಡೆದದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡ ಮುಂಡೇದು, ಮನುಷ್ಯ ಓಡುವಾಗ ಕಣ್ಣು ಮುಚ್ಚಿತಲ್ಲ!

ಅಷ್ಟರಲ್ಲಿ ಹಿಂದಿನಿಂದ ಭತ್ತದ ಹುಲ್ಲು ತುಂಬಿದ ಟ್ರಾಕ್ಟರು ಬಂತು.

"ಎಲ್ಲಿಗೆ ಗೌಡ್ರೇ, ಸಿಂಧಘಟ್ಟಕ್ಕಾ? ಅತ್ಕಳಿ."

ಹತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲಿನವರು ನೋಡುತ್ತಿರಲಿಲ್ಲ, ಹೆಂಡತಿಯೂ ನೋಡುತ್ತಿರಲಿಲ್ಲ. ಪುಟ್ಟಸ್ವಾಮಿ ಒಂದು ಕಾಲನ್ನು ಎತ್ತಿಯೂ ಎತ್ತಿದ. ಆಗ ಅವನಿಗೆ ಒಂದು ವಿಷಯ ಗೊತ್ತಾಯಿತು: ಇಷ್ಟು ದೂರ ಓಡಿ ಬಂದರೂ ಎದೆ ಹಾರುತ್ತಿಲ್ಲ, ಮಂಡಿ ಸುಮ್ಮನಿದೆ, ತಲೆ ಸುತ್ತು ಬಂದು ಎಷ್ಟೋ ದಿನವಾಗಿದೆ. ಇದನ್ನು ಟ್ರಾಕ್ಟರಿಗೆ ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ.

"ನೀ ನಡಿಯಪ್ಪ. ನಾನ್ ಓಡ್ಕಂಡೇ ಬತ್ತೀನಿ" ಎಂದ.

ಬೀಗರ ಮನೆಯ ಚಪ್ಪರದೊಳಗೆ ಹೆಣ್ಣಿನ ಅಪ್ಪ ಬೆವರು ಸುರಿಸುತ್ತ ಓಡಿ ಬಂದದ್ದನ್ನು ಕಂಡು ಜನ ಗಾಬರಿಯಾದರು. ಮುದುಕನೊಬ್ಬ, "ಪಂಕ್ತಿ ಇನ್ನೂ ಕೂತಿಲ್ಲ ಕಣಪ್ಪ, ನಿದಾನ" ಎಂದು ಸಮಾಧಾನ ಹೇಳಿದ. ಪುಟ್ಟಗೌರಮ್ಮ ಬಂದು ಗಡಿಯಾರವನ್ನು ನೋಡಿದಳು.

"ಸೆಲ್ಲು ಸತ್ತೋಯ್ತು. ಆದ್ರೆ ಓಡ್ದೆ ಕಣೇ, ನಿನ್ನಾಣೆ" ಎಂದ ಪುಟ್ಟಸ್ವಾಮಿ. ಹೇಳುವಾಗ ಅವನಿಗೆ ಅಳುವೇ ಬಂದಿತ್ತು. ಇಷ್ಟು ದಿನದ ಸುಳ್ಳಿಗೆ ಸಾಕ್ಷಿ ಇತ್ತು, ಇವತ್ತಿನ ನಿಜಕ್ಕೆ ಇರಲಿಲ್ಲ.

ಅವಳು ಅಷ್ಟು ಜನರ ಮುಂದೆ ಅಂಗೈಯನ್ನು ಗಂಡನ ಒದ್ದೆ ಅಂಗಿಯ ಮೇಲೆ, ಎದೆಯ ಹತ್ತಿರ ಇಟ್ಟಳು.

"ಕೈ ತೊಳ್ಕಂಡು ಕೂತ್ಕಳಿ" ಎಂದಳು.

ಮೊದಲ ಪಂಕ್ತಿ ಕೂತಿತು. ಎಲೆಗೆ ಮುದ್ದೆ ಬಂತು, ಬೋಟಿ ಗೊಜ್ಜು ಬಂತು. ಪಕ್ಕದಲ್ಲಿ ಬೀಗ ಚಲುವಯ್ಯ ಹೊಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಎದುರಿಗೆ ಬೀಗಿತಿ ಪುಟ್ಟಲಕ್ಷ್ಮಮ್ಮ ಆ ಗಡಿಯಾರವನ್ನೇ ದಿಟ್ಟಿಸುತ್ತಿದ್ದಳು.

"ನಮ್ಮೋರ್ಗೂ ಸುಗರ್ ಅದೆ ಬೀಗ್ರೇ. ಆ ವಾಚು ಒಂದು ತಿಂಗ್ಳು ನಮ್ಗೂ ಕೊಡಿ" ಎಂದಳು.

ಚಲುವಯ್ಯನ ಮುಖ ಇಳಿದುಹೋಯಿತು. ಪುಟ್ಟಸ್ವಾಮಿಗೆ ಪಾಪ ಎನಿಸಿತು. ಬೀಗಿತಿ ಅತ್ತ ಹೋದ ಮೇಲೆ ಬೀಗನ ಕಿವಿಗೆ ಬಾಗಿದ.

"ಎದ್ರುಕೋಬ್ಯಾಡಿ. ಎತ್ತಿನ ಕೊಳ್ಗೆ ಕಟ್ಬುಡಿ. ಫ್ಯಾಕ್ಟ್ರಿಗೋಗೋ ಎತ್ತಿಗೆ ಮಾತ್ರ ಬ್ಯಾಡ."

"ಬಿಚ್ಚಿದ್ ಮೇಲೆ ಬೆಲ್ಟಲ್ಲಿರೋ ಬಿಳೀ ಕೂದ್ಲು ಒರ್ಸೋದು ಮರೀಬ್ಯಾಡಿ ಅಂತ್ಲೂ ಹೇಳಿ" ಎಂಬ ದನಿ ಬೆನ್ನ ಹಿಂದಿನಿಂದ ಬಂತು.

ಪುಟ್ಟಗೌರಮ್ಮ ಬಡಿಸುವ ಹುಡುಗನ ಕೈಯಿಂದ ಸಾರಿನ ಬಕೆಟ್ ಕಸಿದುಕೊಂಡು ನಿಂತಿದ್ದಳು. ಪುಟ್ಟಸ್ವಾಮಿ ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದ.

"ನಿಂಗೆ ಗೊತ್ತಿತ್ತಾ?"

"ಮೊದಲ್ನೇ ಸಂಜೇನೆ. ವಾಚೆಲ್ಲಾ ಕೊಟ್ಗೆ ವಾಸ್ನೆ."

"ಮತ್ಯಾಕೆ ಅವತ್ತು ಸಕ್ಕರೆ ಸಕ್ಕರೆ ಅಂತ ಗೋಳುಯ್ಕಂಡೆ?"

"ಎತ್ತು ಅಂದಿದ್ರೆ ನೀವೂ ನಕ್ಕು, ಕುಮಾರ್ನೂ ನಕ್ಕು ಮುಗ್ದೋಗದು. ಸಕ್ಕರೆ ಅಂದಿದ್ಕೆ ತಾನೆ ನೀವು ಓಡಿದ್ದು?" ಅವಳು ಸೌಟು ಅದ್ದಿ, ಹುಡುಕಿ, ದೊಡ್ಡದೊಂದು ನಲ್ಲಿಮೂಳೆ ಎತ್ತಿ ಅವನ ಎಲೆಗೆ ಹಾಕಿದಳು. "ಇನ್ನೊಂದು ಬೇಕು ಅಂದ್ರೆ, ವಾಪಸ್ ಟೆಂಪೋ ಇಳಿಸಿದ್ ಜಾಗದ ಗಂಟ ಓಡ್ಬೇಕು."

ಪುಟ್ಟಸ್ವಾಮಿ ಎಲೆಯನ್ನು ನೋಡಿದ. ಚಪ್ಪರದಾಚೆ ಬಿಸಿಲು ಬಿದ್ದಿದ್ದ ರಸ್ತೆಯನ್ನು ನೋಡಿದ. ಗಡಿಯಾರವನ್ನು ಬಿಚ್ಚಿ ಬೀಗನ ಮುಂದಿಟ್ಟ.

"ಹಾಕು" ಎಂದ.