ತಾರೀಖಿಲ್ಲದ ರಾಜೀನಾಮೆ

ನಮ್ಮೂರಿನಲ್ಲಿ ನನ್ನನ್ನು ಕೆನಡಾ ಸರ್ ಅನ್ನುತ್ತಾರೆ. ನಾನು ಕೆನಡಾ ನೋಡಿಲ್ಲ, ವಿಮಾನವನ್ನೂ ಹತ್ತಿದವನಲ್ಲ. ಗಂಗಾವತಿಯ ಒಂದು ಅನುದಾನಿತ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಡಾಕ್ಟರೇಟ್ ಮಾಡಿದ್ದು ಕೆನಡಾದ ಅಲ್ಬರ್ಟಾ ಎಂಬ ಪ್ರಾಂತದ ರೈತ ಚಳವಳಿಗಳ ಮೇಲೆ. ಯಾಕೆ ಅಲ್ಬರ್ಟಾ ಅಂತ ಕೇಳಿದವರಿಗೆ ಏನೇನೋ ದೊಡ್ಡ ಕಾರಣ ಹೇಳುತ್ತೇನೆ. ನಿಜವೇನೆಂದರೆ, ನನ್ನ ಮಾರ್ಗದರ್ಶಕರ ಕಪಾಟಿನಲ್ಲಿ ಆ ವಿಷಯದ ಪುಸ್ತಕಗಳು ಒಂದು ಸಾಲು ಇದ್ದವು, ಯಾರೂ ಮುಟ್ಟಿರಲಿಲ್ಲ.

ಓದುತ್ತಾ ಹೋದಂತೆ ಆ ಜನ ನನಗೆ ಹಿಡಿಸಿಬಿಟ್ಟರು. ಕಣ್ಣು ಹೋದಷ್ಟು ದೂರ ಬಯಲು, ಗೋಧಿ, ರೈಲ್ವೆಯವರ ಮೇಲೂ ಬ್ಯಾಂಕಿನವರ ಮೇಲೂ ಉರಿಯುವ ಸಿಟ್ಟು. 1921ರಲ್ಲಿ ರೈತರೇ ಚುನಾವಣೆಗೆ ನಿಂತು ಅಧಿಕಾರ ಹಿಡಿದರು. ಅವರ ಕೆಲವು ಅಭ್ಯರ್ಥಿಗಳು ರಾಜೀನಾಮೆ ಪತ್ರಕ್ಕೆ ಮೊದಲೇ ಸಹಿ ಮಾಡಿ ಜನರ ಕೈಗೆ ಕೊಟ್ಟು ಕಣಕ್ಕಿಳಿಯುತ್ತಿದ್ದರು. ಮುಂದೆ ಬಂದ ಇನ್ನೊಂದು ಪಕ್ಷವಂತೂ, ಆರಿಸಿದವರೇ ಶಾಸಕನನ್ನು ವಾಪಸ್ ಕರೆಸಬಹುದು ಎಂದು ಕಾನೂನನ್ನೇ ಮಾಡಿತು. ಒಂದೂವರೆ ವರ್ಷದೊಳಗೆ ಮುಖ್ಯಮಂತ್ರಿಯ ಸ್ವಂತ ಕ್ಷೇತ್ರದವರೇ ಆತನ ವಿರುದ್ಧ ಸಹಿ ಸಂಗ್ರಹಕ್ಕೆ ಇಳಿದರು. ಆಗ ಸರ್ಕಾರ ಆ ಕಾನೂನನ್ನು ರದ್ದು ಮಾಡಿತು, ಅದೂ ಮೊದಲಿನಿಂದಲೂ ಅದು ಇರಲೇ ಇಲ್ಲ ಅನ್ನುವ ಹಾಗೆ. ಪಾಠದಲ್ಲಿ ಈ ಜಾಗ ಬಂದಾಗ ನಾನು ಕನ್ನಡಕ ತೆಗೆದು ನಗುತ್ತೇನೆ, ಕ್ಲಾಸೂ ನಗುತ್ತದೆ. ಎಂಥ ಮಂದಿ ನೋಡಿ, ಅನ್ನುತ್ತೇನೆ.

ನಮ್ಮೂರು ಗಂಗಾವತಿ ಹತ್ತಿರದ ಮರಳಿ ಎಂಬ ಊರಿನ ಕಡೆಯದು, ಭತ್ತದ ಊರು. ಉಪಕಾಲುವೆಯ ಮೇಲ್ಭಾಗದವರು ಎರಡು ಬೆಳೆ ಬೆಳೆದು ಕಾರು ಕೊಂಡರು. ಕೊನೇ ತೂಬಿನವರು ಒಂದು ಬೆಳೆಗೂ ಆಕಾಶ ನೋಡುತ್ತಿದ್ದರು. ಮೇಲಿನವರು ಕಾಲುವೆಗೇ ಪೈಪು ಇಳಿಬಿಟ್ಟು ಮೋಟಾರಿನಿಂದ ನೀರೆತ್ತಿದರೆ ಕೆಳಗೆ ಏನು ಉಳಿದೀತು? ನೀರು ಬಳಕೆದಾರರ ಸಂಘ ಅಂತ ಒಂದಿತ್ತು. ಅದರ ಅಧ್ಯಕ್ಷರಾದವರೆಲ್ಲ ಕೊನೇ ತೂಬಿನವರ ಓಟಿನಿಂದ ಗೆದ್ದು ಮೇಲಿನವರ ಮನೆಯಲ್ಲಿ ಚಹಾ ಕುಡಿದರು. ಈ ಸಲದ ಚುನಾವಣೆಗೆ ಕೊನೇ ತೂಬಿನವರು ನನ್ನ ಹೆಂಡತಿ ಶಿವಲೀಲಾ ನಿಲ್ಲಬೇಕು ಅಂತ ಹಟ ಹಿಡಿದರು. ಹೊಲ ಇಬ್ಬರ ಹೆಸರಿನಲ್ಲೂ ಇತ್ತು, ಆದರೆ ನಾನು ನೌಕರಿಯಲ್ಲಿರುವವನು, ನಿಲ್ಲುವ ಹಾಗಿರಲಿಲ್ಲ.

ಅದಕ್ಕಾಗಿ ಕರೆದ ಸಭೆಯಲ್ಲಿ ಹಜರತಬೀ ಎದ್ದು ನಿಂತಳು. ಕೊನೇ ತೂಬಿನಲ್ಲಿ ಅವಳದು ಎರಡೆಕರೆ, ಗಂಡ ತೀರಿದ ಮೇಲೆ ತಾನೇ ಮಾಡುತ್ತಾಳೆ.

"ಗೆದ್ದ ಮ್ಯಾಲ ನೀವೂ ಹಂಗ ಮಾಡಿದ್ರ ನಾವೇನ ಮಾಡೂನ್ರಿ ಸರ?" ಅಂದಳು.

ಅವಳು ಕೇಳಿದ್ದು ಅಭ್ಯರ್ಥಿಯನ್ನಲ್ಲ, ನನ್ನನ್ನು. ನನಗೆ ಅದು ಹಿತವಾಗಿಯೇ ಇತ್ತು. ಎದ್ದು ಅರ್ಧ ಗಂಟೆ ಅಲ್ಬರ್ಟಾ ಬಿಗಿದೆ. ರಾಜೀನಾಮೆಯನ್ನು ಮೊದಲೇ ಬರೆದುಕೊಡುವ ಸಂಗತಿ ಹೇಳಿದಾಗ ಜನ ಚಪ್ಪಾಳೆ ಹೊಡೆದರು. ಕಾನೂನು ರದ್ದಾದ ಸಂಗತಿಯನ್ನು ಮಾತ್ರ ನುಂಗಿಕೊಂಡೆ.

ಶಿವಲೀಲಾ ಅಲ್ಲಿಯೇ ಕೂತು ತನ್ನ ಕೈಯಿಂದ ಬರೆದಳು: "ಮೊದಲನೇ ಪಾಳಿಯ ನೀರು ಕೊನೇ ತೂಬಿಗೆ ಮುಟ್ಟದಿದ್ದರೆ ನಾನು ಅಧ್ಯಕ್ಷ ಸ್ಥಾನ ಬಿಡುತ್ತೇನೆ." ಸಹಿ ಮಾಡಿದಳು, ತಾರೀಖಿನ ಜಾಗ ಖಾಲಿ ಬಿಟ್ಟಳು, ಕಾಗದವನ್ನು ಹಜರತಬೀಯ ಕೈಗಿಟ್ಟಳು. ಓದಲು ಬಾರದ ಹಜರತಬೀ ಅದನ್ನು ಎರಡೂ ಬದಿ ತಿರುವಿ ನೋಡಿ ಸೆರಗಿನಲ್ಲಿ ಕಟ್ಟಿಕೊಂಡಳು.

ಶಿವಲೀಲಾ ಗೆದ್ದಳು, ಅಧ್ಯಕ್ಷೆಯಾದಳು. ಹದಿನೈದು ದಿನ ಕಾಲುವೆ ದಂಡೆಯ ಮೇಲೆ ತಾನೇ ನಡೆದು, ಬೈಸಿಕೊಂಡು, ಬೈದು, ಹನ್ನೊಂದು ಪೈಪು ಕೀಳಿಸಿದಳು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ನನ್ನ ಅಣ್ಣ ವಿರೂಪಾಕ್ಷಪ್ಪನದು. ಮೊದಲನೇ ಪಾಳಿ ಶುರುವಾಗುವ ಹೊತ್ತಿಗೇ ಅಧ್ಯಕ್ಷರಿಗೆಲ್ಲ ಕೊಪ್ಪಳದಲ್ಲಿ ಐದು ದಿನದ ತರಬೇತಿ ಬಂತು. ಅವಳು ಹೋದಳು, ಅಲ್ಲಿಯೇ ತನ್ನ ತಂಗಿಯ ಮನೆಯಲ್ಲಿ ಉಳಿದಳು.

ಮರುದಿನವೇ ಅಣ್ಣ ಬಂದ.

"ತಮ್ಮಾ, ನಾಟಿ ನಡದೈತಿ. ಐದ ದಿನ ಪೈಪ್ ಬಿಡ್ತೀನಿ, ಆಮ್ಯಾಲ ನಾನ ತಗೀತೀನಿ. ಮೇಲಿನ ಅರವತ್ತ ಓಟ ಯಾರ ಹಾಕಿಸ್ಯಾರ, ನೆನಪೈತಿಲ್ಲೋ?"

ನಾನು ಇಲ್ಲ ಅನ್ನಬಹುದಿತ್ತು. ಅವಳಿಗೆ ಫೋನ್ ಮಾಡಬಹುದಿತ್ತು. ಮಾಡಿದ್ದರೆ ಅವಳು ಏನನ್ನುತ್ತಾಳೆ ಅಂತ ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ. ಸಂಜೆ ಕಾಲುವೆ ಕಾಯುವವನು ಮನೆತನಕ ಬಂದು, "ನಿಮ್ಮಣ್ಣಾರು ಮತ್ತ ಪೈಪ್ ಇಳಿಸ್ಯಾರ್ರೀ ಸರ. ಮೇಡಂನೋರು ಏನಂತಾರ?" ಅಂತ ಕೇಳಿದ.

"ಆಕೀನ ಹೇಳ್ಯಾಳ, ಇರ್ಲಿ ಅಂತ," ಅಂದೆ.

ಎಷ್ಟು ಸಲೀಸಾಗಿ ಅಂದೆ ಅಂದರೆ, ಒಳಗೆ ಹೋಗಿ ಊಟಕ್ಕೆ ಕೂತಾಗ ಅನ್ನವೂ ಸರಾಗವಾಗಿ ಇಳಿಯಿತು. ಈಗ ನೆನೆದರೆ ಮೈ ಪರಚಿಕೊಳ್ಳಬೇಕು ಅನ್ನಿಸುತ್ತದೆ.

ನಾಲ್ಕು ದಿನಕ್ಕೆ ಪಾಳಿ ಮುಗಿಯಿತು. ಕೊನೇ ತೂಬು ತೋಯಲೂ ಇಲ್ಲ. ಸಸಿಮಡಿಗಳು ಹಳದಿ ತಿರುಗಿದವು. ಶಿವಲೀಲಾ ಇನ್ನೂ ಕೊಪ್ಪಳದಲ್ಲಿರುವಾಗಲೇ ಹತ್ತು ಹನ್ನೆರಡು ಜನ ನಮ್ಮ ಮನೆ ಕಟ್ಟೆಗೆ ಬಂದರು. ಕೂಗಾಟವಿಲ್ಲ, ಧಿಕ್ಕಾರವಿಲ್ಲ. ಹಜರತಬೀ ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದಳು.

"ಅಮ್ಮಾರು ಬಂದ ಮ್ಯಾಲ ಇದಕ್ಕ ತಾರೀಖ ಹಾಕಿ ಕೊಡ್ರಿ ಅಂತ ಹೇಳ್ರಿ ಸರ. ನಾವಾಗೆ ಆಫೀಸಿಗೆ ಒಯ್ಯೂದು ಛಲೋ ಕಾಣಂಗಿಲ್ಲ."

ಇಷ್ಟು ಮರ್ಯಾದೆಯಿಂದ ಯಾರಾದರೂ ರಾಜೀನಾಮೆ ಕೇಳಿದ್ದುಂಟೇ? ನನ್ನ ಅಲ್ಬರ್ಟಾದ ಪುಸ್ತಕಗಳಲ್ಲಿ ನಾನಂತೂ ಓದಿಲ್ಲ. ಆ ಮರ್ಯಾದೆ ಕಂಡು ನನಗೆ ಧೈರ್ಯ ಬಂತು, ಅದೇ ನನ್ನ ನೀಚತನ. ಕನ್ನಡಕ ಏರಿಸಿಕೊಂಡು ಶುರು ಮಾಡಿದೆ. ತಾರೀಖಿಲ್ಲದ ರಾಜೀನಾಮೆ ಸಂಘದ ಬೈಲಾ ಪ್ರಕಾರ ನಡೆಯುವುದಿಲ್ಲ. ಅಧ್ಯಕ್ಷೆ ಆಗುವ ಮೊದಲೇ ಬರೆದದ್ದು, ಇಲ್ಲದ ಸ್ಥಾನವನ್ನು ಬಿಡುವುದು ಹೇಗೆ? ಅಂದಮೇಲೆ ಈ ಪತ್ರ ಮೊದಲಿನಿಂದಲೂ ಪತ್ರವೇ ಅಲ್ಲ.

ಹೇಳುತ್ತಿರುವಾಗಲೇ ಆ ಮಾತು ಕಾನೂನು ರದ್ದು ಮಾಡಿದ ಅಲ್ಬರ್ಟಾ ಸರ್ಕಾರದ್ದು ಅಂತ ನನಗೆ ಹೊಳೆಯಿತು. ಆದರೂ ನಿಲ್ಲಿಸಲಿಲ್ಲ.

"ಹೌದೇನ್ರಿ?" ಅಂದಳು ಹಜರತಬೀ. "ನಮಗ ಗೊತ್ತಿರಲಿಲ್ರೀ ಸರ. ತಪ್ಪ ತಿಳೀಬ್ಯಾಡ್ರಿ. ಹಂಗಾರ ಇದನ್ನ ಇಟಗೊಂಡು ನಾ ಏನ ಮಾಡ್ಲಿ?"

ಕಾಗದವನ್ನು ನನ್ನ ಕೈಗೇ ಕೊಟ್ಟು ಹೋದಳು. ತಪ್ಪು ಮಾಡಿದವನು ನಾನು, ಕ್ಷಮೆ ಕೇಳಿದವಳು ಅವಳು.

ಶಿವಲೀಲಾ ಬಸ್ಸಿಳಿದವಳು ಮನೆಗೂ ಬಾರದೆ ನೀರು ಎಲ್ಲಿತನಕ ಬಂದಿದೆ ನೋಡಲು ಕೊನೇ ತೂಬಿಗೇ ಹೋಗಿದ್ದಳು. ಒಣಗಿದ ಮಡಿ ನೋಡಿದಳು. ಕಾಲುವೆ ಕಾಯುವವನನ್ನು ಕೇಳಿದಳು, ಹಜರತಬೀಯನ್ನೂ ಕೇಳಿದಳು. ಮನೆಗೆ ಬಂದಾಗ ಚಪ್ಪಲಿ ತುಂಬ ಮಣ್ಣು.

"ನಾ ಹೇಳೀನಂತ ಹೇಳೀರಿ?"

ನಾನು ಅಣ್ಣನ ನಾಟಿ, ಅರವತ್ತು ಓಟು, ಮುಂದಿನ ಚುನಾವಣೆ ಅಂತ ಏನೇನೋ ಜೋಡಿಸಿದೆ. ಅವಳು ಪೂರ್ತಿ ಕೇಳಿದಳು.

"ಹೇಳೀರೋ ಇಲ್ಲೋ, ಅಷ್ಟ ಹೇಳ್ರಿ."

"ಹೇಳೀನಿ."

"ನನ್ನ ಹೆಸರೀಲೆ ಹೇಳೀರಿ ಅಂದ್ರ ನಾ ಹೇಳಿದಂಗ ಆತು," ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನ ಮುಂಜಾನೆ ಅವಳೇ ಸಭೆ ಕರೆದಳು. ಹೊಸ ಹಾಳೆಯಲ್ಲಿ ಹೊಸ ರಾಜೀನಾಮೆ ಬರೆದುಕೊಂಡು ಬಂದಿದ್ದಳು, ತಾರೀಖು ಹಾಕಿಯೇ. ಮುಂದಿನ ಸಾಲಿನ ಕುರ್ಚಿಯಲ್ಲಿ ನನ್ನನ್ನು ಕೂಡಿಸಿದ್ದರು. ಅವಳು ಓದಿದಳು. ಆಮೇಲೆ ಕಾಗದ ಮಡಿಸಿ, "ಆ ಪೈಪ್ ಇರ್ಲಿ ಅಂತ ನನ್ನ ಹೆಸರೀಲೆ ಅಪ್ಪಣೆ ಆಗಿತ್ರಿ. ಆ ಅಪ್ಪಣೆ ನಂದ. ನಿಮ್ಮ ಸಸಿ ಒಣಗಿದ್ದು ನನ್ನಿಂದ," ಅಂದಳು.

ಗುಜುಗುಜು ಎದ್ದಿತು. ಹಿಂದಿನಿಂದ ಒಬ್ಬ, "ಎಲ್ಲಾರೂ ಅಷ್ಟ ಬಿಡ್ರಿ," ಅಂದ. ಇನ್ನೊಬ್ಬ, ಭಾವನ ಪೈಪಲ್ಲವೇ, ಅದಕ್ಕೇ ಬಿಟ್ಟಿರಬೇಕು ಅಂತ ನಕ್ಕ. ಅವಳು ಎಲ್ಲವನ್ನೂ ನಿಂತುಕೊಂಡೇ ಕೇಳಿದಳು. ನಾನು ಎದ್ದು ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅರ್ಧ ಗಂಟೆ ಅಲ್ಬರ್ಟಾ ಹೇಳಿದ ನಾಲಿಗೆಗೆ ಆ ನಾಲ್ಕು ಮಾತು ಭಾರವೇ? ಏಳಬೇಕು, ಈಗ ಏಳಬೇಕು ಅಂದುಕೊಳ್ಳುತ್ತಾ ಸಭೆ ಮುಗಿಯುವವರೆಗೂ ಕೂತೇ ಇದ್ದೆ.

ಜನ ಚದುರುವಾಗ ಹಜರತಬೀ ನಮ್ಮ ಹತ್ತಿರ ಬಂದಳು. ಶಿವಲೀಲಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಹಜರತಬೀ ಅವಳನ್ನು ಮಾತಾಡಿಸಲಿಲ್ಲ.

"ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಸರ," ಅಂದಳು. "ಅಮ್ಮಾರಿಗೆ ಕಾಲುವಿ ವ್ಯವಹಾರ ತಿಳೀಲಿಲ್ಲ. ಬರೋ ವರ್ಷ ನಿಮ್ಮ ನೌಕರಿ ಮುಗೀತೈತಂತ. ಮುಂದಿನ ಸಲ ನೀವ ನಿಲ್ರಿ. ನಿಮ್ಮ ಕಡಿಂದ ನಾವು ಕಾಗದ ಬರಸ್ಕೊಳ್ಳಂಗಿಲ್ಲ."

ಶಿವಲೀಲಾ ನನ್ನತ್ತ ತಿರುಗಲಿಲ್ಲ. ಆದರೆ ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ನಾನು ಎರಡೂ ಕೈ ಜೋಡಿಸಿದೆ.

"ನೋಡೂಣು ತಗೋರಿ," ಅಂದೆ.