ಹೊಸಿಲು ದಾಟದ ಮಾತು

ಬಾಗಿಲು ತೆರೆದ ಕೂಡಲೇ ಸರ್ವೆಯವಳು ಮೊದಲು ಒಪ್ಪಿಸುತ್ತಿದ್ದುದು ಒಂದೇ ಮಾತು: "ನೀವು ಹೇಳಿದ್ದು ನಿಮ್ಮ ಹೊಸಿಲು ದಾಟುವುದಿಲ್ಲ, ಯಾರ ಕಿವಿಗೂ ಬೀಳುವುದಿಲ್ಲ." ಕೈಪಿಡಿಯಲ್ಲಿ ಸಪ್ಪೆಯಾಗಿದ್ದ ಆ ಸಾಲಿಗೆ ಅವಳ ಬಾಯಲ್ಲಿ ಒಂದು ಲಯ ಬಂದಿತ್ತು. ಚಿಕ್ಕಂದಿನಲ್ಲಿ ಅಜ್ಜನ ಮಗ್ಗುಲಲ್ಲಿ ಕೂತು ಪದ್ಯ ಒಪ್ಪಿಸಿದವಳು. ಬಾಯಿಬಿಟ್ಟು ಹೇಳಿದ ಸಾಲಿಗೆ ಹೇಳಿದವರೇ ಹೊಣೆ ಎಂದು ಅಜ್ಜ ಕಲಿಸಿದ್ದನ್ನು ಮರೆತಿರಲಿಲ್ಲ. ಜೊತೆಯವರು ಅದನ್ನು ಪಟಪಟ ಉದುರಿಸಿ ಮುಂದಿನ ಪ್ರಶ್ನೆಗೆ ಹಾರಿದರೆ, ಇವಳು ಎದುರಿನವರ ಮುಖ ನೋಡಿ, ನಿಂತು ಹೇಳುತ್ತಿದ್ದಳು.

ದೇಶದಲ್ಲಿ ಎಷ್ಟು ಜನ ಹಂಗಾಮಿ ಕೆಲಸದಲ್ಲಿದ್ದಾರೆ, ಎಷ್ಟು ಜನ ಫೋನಿಗೆ ಬರುವ ಬಿಡಿ ಕೆಲಸ ಹಿಡಿದು ಓಡುತ್ತಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳುವ ಸರ್ವೆ ಅದು. ಅವಳ ಕೆಲಸವೂ ಹಂಗಾಮಿಯೇ. ಈ ಸುತ್ತು ಚೊಕ್ಕವಾಗಿ ಮುಗಿಸಿದರೆ ಖಾಯಂ ಮಾಡಲು ಬರೆಯುತ್ತೇನೆ ಎಂದು ಮೇಲ್ವಿಚಾರಕ ಆಸೆ ತೋರಿಸಿದ್ದ. ಆ ಆಸೆಯ ಮೇಲೆಯೇ ಅಕ್ಕನ ಮನೆಯ ಮೂಲೆಯಲ್ಲಿ ಅವಳ ಚಾಪೆ ಇನ್ನೂ ಉಳಿದಿತ್ತು.

"ಊರವರ ಕೆಲಸ ಎಲ್ಲ ವಿಚಾರಿಸ್ತೀಯಲ್ಲೇ," ಅಕ್ಕ ಪಾತ್ರೆ ಕುಕ್ಕುತ್ತ ಕೇಳುತ್ತಿದ್ದಳು, "ನಿನ್ನದು ಎಲ್ಲೀವರೆಗೆ ಅಂತ ಯಾರು ವಿಚಾರಿಸ್ಬೇಕು? ನಿನ್ನ ಭಾವ ದಿನಾ ಕೇಳ್ತಾರೆ."

ಅವತ್ತು ಸರ್ವೆಗೆ ಹೋದ ಮನೆ ಮೂರನೇ ಮಹಡಿಯಲ್ಲಿತ್ತು. ಕುರ್ಚಿಯಲ್ಲಿ ಮಾವ, ನೆಲದ ಮೇಲೆ ಬಟಾಣಿ ಬಿಡಿಸುತ್ತ ಸೊಸೆ.

"ನಮ್ಮ ಯಜಮಾನ್ರದು ಖಾಯಂ ಕೆಲಸ. ಗೋದಾಮಲ್ಲಿ ಗುಮಾಸ್ತರು," ಎಂದಳು ಸೊಸೆ. ಫೋನ್ ನಂಬರು ಕೇಳಿದಾಗ ತನ್ನದನ್ನೇ ಹೇಳಿದಳು.

"ನಾಲ್ಕು ಜನರ ಕೈಕಾಲು ಹಿಡಿದು ನಾನೇ ಕೊಡ್ಸಿದ್ದು," ಎಂದು ಮುದುಕ ಮೀಸೆ ನೀವಿಕೊಂಡ.

ಮನೆಯಲ್ಲಿದ್ದವರನ್ನು ನೇರವಾಗಿ ಕೇಳಬೇಕೆಂಬುದು ನಿಯಮ. ಬಚ್ಚಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದ ಗುಮಾಸ್ತನನ್ನು ಕೇಳಿದಳು. ಅವನು ಟವೆಲಿನೊಳಗಿಂದಲೇ ಹೂಂಗುಟ್ಟಿದ.

ಅವಳು ಒಂದು ಮಹಡಿ ಇಳಿಯುವಷ್ಟರಲ್ಲಿ ಹಿಂದೆಯೇ ಚಪ್ಪಲಿ ಸದ್ದು. ಗುಮಾಸ್ತ ಓಡಿ ಬಂದಿದ್ದ.

"ಅಕ್ಕಾ, ಒಂದು ನಿಮಿಷ. ನೀವು ಯಾರಿಗೂ ಹೇಳಲ್ಲ ಅಂದಿದ್ದು ಬಚ್ಚಲಿಗೆ ಕೇಳಿಸ್ತು, ಅದು ನಿಜಾನಾ?"

"ನಿಜ."

"ಗೋದಾಮಿನವ್ರು ನನ್ನ ಬಿಡಿಸಿ ಎಷ್ಟೋ ಕಾಲ ಆಯ್ತು. ಈಗ ಪಾರ್ಸೆಲ್ ಹಂಚ್ತೀನಿ. ಫೋನ್ ಕುಂಯ್ ಅಂದ್ರೆ ಕೆಲಸ, ಇಲ್ಲಾಂದ್ರೆ ಇಲ್ಲ. ಇಸ್ತ್ರಿ ಶರ್ಟು ಹಾಕ್ಕೊಂಡು ಮನೆ ಬಿಡೋದು, ತಿರುವಿನ ಸೈಕಲ್ ಅಂಗಡೀಲಿ ಕಂಪನಿಯ ಬಣ್ಣದ ಅಂಗಿ ತೊಡೋದು." ಅವನು ನಗಲು ನೋಡಿದ. "ಅಪ್ಪಂಗೆ ಗೊತ್ತಾದ್ರೆ ಎದೆ ಒಡೆದು ಸತ್ತೇ ಹೋಗ್ತಾರೆ. ಯಾರಿಗೂ ಹೇಳಿರ್ಲಿಲ್ಲ ಅಕ್ಕಾ. ಈಗ ಎದೆ ಹಗುರ ಆಯ್ತು ನೋಡಿ."

ಮೆಟ್ಟಿಲ ಮೇಲೆ ನಿಂತೇ ಅವಳು ಟ್ಯಾಬಿನಲ್ಲಿ ಉತ್ತರ ತಿದ್ದಿದಳು. ಒಂದು ಸಾಲನ್ನು ಸರಿಯಾಗಿ ಹೇಳಿದ್ದಕ್ಕೆ ಒಬ್ಬ ಮನುಷ್ಯ ಬಾಯಿಬಿಟ್ಟನಲ್ಲ ಎಂದು ಒಳಗೊಳಗೇ ಅಜ್ಜನಿಗೆ ಕೈ ಮುಗಿದಳು. ಆ ಸಂತೋಷದಲ್ಲಿ ಹೆಂಡತಿಯ ಫೋನ್ ನಂಬರು ಹಾಗೇ ಉಳಿದದ್ದು ಗಮನಕ್ಕೆ ಬರಲಿಲ್ಲ.

ಭರ್ತಿಯಾದ ಮನೆಗಳಲ್ಲಿ ಕೆಲವಕ್ಕೆ ಫೋನು ಮಾಡಿ ತಾಳೆ ನೋಡುವುದು ಮೇಲ್ವಿಚಾರಕನ ಕೆಲಸ. ಈ ಮನೆಯೂ ಅದರಲ್ಲಿ ಬಿತ್ತು. ಫೋನೆತ್ತಿದ ಹೆಂಡತಿ ಖಾಯಂ ಎಂದಳು.

"ಬಿಡಿ ಕೆಲಸದವರು ಕಮ್ಮಿ ಸಿಕ್ತಿದಾರೆ ಅಂತ ಮೇಲಿನವರು ನಮ್ಮ ಜೀವ ತಿಂತಿರೋದು ನಿಜ ಕಣಮ್ಮ," ಎಂದ ಮೇಲ್ವಿಚಾರಕ. "ಅದಕ್ಕೆ ಗುಮಾಸ್ತನ ಹೆಗಲಿಗೆ ನೀನೇ ಪಾರ್ಸೆಲ್ ಹೊರಿಸಿಬಿಟ್ಯಾ?"

"ಅವರೇ ಹೇಳಿದ್ದು ಸಾರ್. ಬೇಕಾದ್ರೆ ಒಬ್ಬರನ್ನೇ ಹೊರಗೆ ಕರೆದು ಕೇಳಿ."

"ಮೆಟ್ಟಿಲ ಮೇಲೆ ಗುಸುಗುಸು ಮಾಡೋದು ನಿನ್ನ ಪದ್ಧತಿ. ನಾನು ಮನೆಯೊಳಗೆ ಕೂತು ಕೇಳೋನು. ರಜಾ ದಿನ ಹೋಗೋಣ."

ಆ ರಜಾ ದಿನದ ಹಿಂದಿನ ಸಂಜೆ ಅವಳು ಸೈಕಲ್ ಅಂಗಡಿಗೆ ಹೋಗಿ ಗುಮಾಸ್ತನಿಗೆ ವಿಷಯ ತಿಳಿಸಿದಳು. ಅವನು ಬೆನ್ನಿನ ಚೀಲ ಇಳಿಸಿ, "ನಿಮ್ಮ ಹೊಟ್ಟೆ ಮೇಲೆ ಹೊಡೀತೀನಾ ಅಕ್ಕಾ? ಹೇಳ್ತೀನಿ ಬಿಡಿ," ಎಂದ.

ಆದರೆ ಮರುದಿನ ಮನೆ ತುಂಬ ಜನರಿದ್ದಂತೆ ಅವನಿಗೆ ಕಂಡಿರಬೇಕು, ಇದ್ದದ್ದು ಅಪ್ಪ, ಹೆಂಡತಿ ಇಬ್ಬರೇ. ಖಾಯಂ ಕೆಲಸವೋ, ಪಾರ್ಸೆಲ್ ಹಂಚುವುದೋ ಎಂದು ಮೇಲ್ವಿಚಾರಕ ಕೇಳಿದ. ಅವನು ಅಪ್ಪನ ಮೀಸೆ ನೋಡಿದ, ಹೆಂಡತಿಯ ಕೈ ನೋಡಿದ. ಸರ್ವೆಯವಳ ಕಡೆ ಮಾತ್ರ ತಿರುಗಲಿಲ್ಲ.

"ಖಾಯಂ ಸಾರ್. ಪಾರ್ಸೆಲ್ ಗೀರ್ಸೆಲ್ ನಂಗೊತ್ತಿಲ್ಲ."

"ನನ್ನ ಮಗ ಪಾರ್ಸೆಲ್ ಹೊರ್ತಾನಾ?" ಮುದುಕ ಕುರ್ಚಿಯ ಕೈ ಹಿಡಿದು ಅರ್ಧ ಎದ್ದ. ಎದ್ದವನಿಗೆ ಉಸಿರು ಸಿಕ್ಕಿಕೊಂಡಿತು.

"ನಮ್ಮವರ ಮರ್ಯಾದೆ ಕಳೆಯೋಕೆ ಬಂದ್ಯಾ?" ಎಂದು ಹೆಂಡತಿ ಎದುರು ನಿಂತಳು. "ಇಂಥವರಿಗೂ ಕೆಲಸ ಕೊಡ್ತಾರಲ್ಲ, ಅವರನ್ನ ಅನ್ಬೇಕು!"

ತಿರುವಿನ ಸೈಕಲ್ ಅಂಗಡಿಯಲ್ಲಿ ಮೊಳೆಗೆ ನೇತಾಡುವ ಅಂಗಿ. ಅಷ್ಟು ಹೇಳಿದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಇದೇ ಕೋಣೆಯಲ್ಲಿ, ಇದೇ ನಾಲಿಗೆಯಿಂದ ಒಪ್ಪಿಸಿದ ಸಾಲು ಅದಕ್ಕೆ ಅಡ್ಡ ಬಂತು. ಅವಳು ನುಂಗಿಕೊಂಡಳು.

"ನಿನ್ನ ಕೈಯಿಂದಲೇ ತಿದ್ದು," ಎಂದ ಮೇಲ್ವಿಚಾರಕ. ಅವಳು ಖಾಯಂ ಎಂದು ಒತ್ತಿದಳು. ಅವನು ಟ್ಯಾಬು ತೆಗೆದುಕೊಂಡು, ಅವಳ ಕೊರಳಿನ ಗುರುತಿನ ಚೀಟಿಗೂ ಕೈ ಚಾಚಿದ. ದಾರ ಜಡೆಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಎಲ್ಲರೂ ನೋಡುತ್ತ ನಿಂತರು.

ಮೇಲ್ವಿಚಾರಕ ಮುಂದಾಗಿ ಇಳಿದುಹೋದ. ಮೊದಲ ಸಲ ನಿಂತಿದ್ದ ಮೆಟ್ಟಿಲ ತಿರುವಿನಲ್ಲೇ ಹಿಂದಿನಿಂದ ಅದೇ ಚಪ್ಪಲಿ ಸದ್ದು ಬಂತು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಅಪ್ಪನ ಮುಖ ನೋಡಿದ್ರಲ್ಲ." ಅವನು ಏದುಸಿರು ಬಿಡುತ್ತಿದ್ದ. ಕಣ್ಣಲ್ಲಿ ಕಪಟವಿರಲಿಲ್ಲ, ನಿಜವಾದ ಕಳಕಳಿಯೇ ಇತ್ತು. "ನಮ್ಮ ಕಂಪನೀಲಿ ಹೆಂಗಸರನ್ನೂ ತಗೋತಾರೆ. ನಾನು ಹೇಳಿದ್ರೆ ನಾಳೇನೇ ಸೇರಿಸ್ಕೋತಾರೆ. ನಿಮ್ಮ ಹತ್ರ ಸೈಕಲ್ ಇದ್ಯಾ?"

ಅವಳಿಗೆ ಅಕ್ಕನ ಮನೆಯ ಮೂಲೆ ಕಣ್ಣ ಮುಂದೆ ಬಂತು. ಸಂಜೆಗೆ ಆ ಚಾಪೆ ಸುರುಳಿ ಸುತ್ತಿಟ್ಟಿರುತ್ತದೆ.

"ಭಾವನದೊಂದಿದೆ," ಎಂದಳು. "ಚೈನು ಕಳಚ್ತಿರುತ್ತೆ."

"ನಾನು ಹಾಕ್ಸಿ ಕೊಡ್ತೀನಿ. ಬೆಳಿಗ್ಗೆ ಅಂಗಡಿ ಹತ್ರ ಬನ್ನಿ." ಅವನು ತಲೆಯೆತ್ತಿ ಮೇಲಿನ ಬಾಗಿಲು ಮುಚ್ಚಿದೆಯೇ ಎಂದು ನೋಡಿ ದನಿ ತಗ್ಗಿಸಿದ. "ಇದನ್ನೂ ಯಾರಿಗೂ ಹೇಳ್ಬೇಡಿ ಅಕ್ಕಾ."